ಪ್ಲಾನ್, ಸ್ಕೀಮ್, ಪ್ರಾಜೆಕ್ಟ್: ಮೂರಕ್ಕೂ ‘ಯೋಜನೆ’ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯ ಎಂ.ಟೆಕ್ ಓದುತ್ತಿದ್ದೇನೆ. ಪಾಠ, ಪರೀಕ್ಷೆ, ಜೂರಿ (ಮಾಡಿದ ಕೆಲಸವನ್ನು ಪರಿಣತರ ಮುಂದೆ ಒಪ್ಪಿಸುವುದು) ಎಲ್ಲವೂ ಇಂಗ್ಲಿಷಿನಲ್ಲಿ. ಸ್ಟುಡಿಯೋ ಕೆಲಸಕ್ಕೆಂದು ಸರ್ವೆಗೆ ಹೊರಟರೆ ಮಾತ್ರ ಕನ್ನಡ ಬೇಕು, ಅಲ್ಲಿ ನಮ್ಮ ವಿಷಯದ ಹೆಸರೇ ತೊಡಕು. ‘ನಗರ ಯೋಜನೆ ಓದುವವರು’ ಎಂದು ಹೇಳಿಕೊಂಡರೆ ಊರಂಚಿನ ಹಳ್ಳಿಗಳಲ್ಲಿ ಮೊದಲು ಕೇಳುವುದು, ‘ಯಾವ ಯೋಜನೆ ಮೇಡಂ, ಅರ್ಜಿ ಎಲ್ಲಿ ಕೊಡ್ಬೇಕು?’ ಆಮೇಲೆ, ‘ನಮ್ ಜಮೀನು ಹೋಯ್ತದಾ?’

ಎರಡೂ ನ್ಯಾಯವಾದ ಪ್ರಶ್ನೆಗಳೇ. ಗೃಹಲಕ್ಷ್ಮಿಯೂ ಯೋಜನೆ, ಎತ್ತಿನಹೊಳೆಯೂ ಯೋಜನೆ. ಒಂದು ಸ್ಕೀಮ್, ಇನ್ನೊಂದು ಪ್ರಾಜೆಕ್ಟ್. ಒಂದರಲ್ಲಿ ಖಾತೆಗೆ ಹಣ ಬರುತ್ತದೆ, ಇನ್ನೊಂದರಲ್ಲಿ ಹೊಲ ಹೋಗಬಹುದು. ನಾವು ಓದುವುದು ಇವೆರಡೂ ಅಲ್ಲ. ಮುಂದಿನ ಇಪ್ಪತ್ತು ವರ್ಷದಲ್ಲಿ ಊರು ಯಾವ ಕಡೆ ಬೆಳೆಯಬೇಕು, ಯಾವ ಕೆರೆಯಂಗಳವನ್ನು ಮುಟ್ಟಬಾರದು, ಕಾರ್ಖಾನೆ ಎಲ್ಲಿ, ಮನೆ ಎಲ್ಲಿ ಎಂದು ಮುಂಚೆಯೇ ಗೊತ್ತುಮಾಡುವ ಕೆಲಸ ನಮ್ಮದು. ‘ಪಂಚವಾರ್ಷಿಕ ಯೋಜನೆ’, ‘ಯೋಜನಾ ಆಯೋಗ’, ‘ಕುಟುಂಬ ಯೋಜನೆ’ ಎನ್ನುವಾಗ ಈ ಅರ್ಥ ಇನ್ನೂ ಇತ್ತು. ದಿನಬಳಕೆಯಲ್ಲಿ ಈಗ ಅದನ್ನು ಸ್ಕೀಮೇ ನುಂಗಿದೆ.

ಇದು ಬರೀ ಓದುವವರ ಕಷ್ಟವಾಗಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಪ್ರಕಾರ ಮಾಸ್ಟರ್ ಪ್ಲಾನ್ ಪ್ರಕಟವಾದಾಗ ಜನ ಅಭಿಪ್ರಾಯ ತಿಳಿಸಲು 60 ದಿನದ ಅವಕಾಶವಿದೆ. ಪ್ರಕಟಣೆಯಲ್ಲಿ ‘ಮಹಾಯೋಜನೆ’ ಎಂದು ಓದಿದ ರೈತನಿಗೆ, ಅದು ತನ್ನ ಸರ್ವೆ ನಂಬರಿಗೂ ಬಣ್ಣ ಬಳಿದಿರುವ ನಕ್ಷೆ ಎಂದು ಹೇಗೆ ಹೊಳೆಯಬೇಕು? ಹಳದಿ ಬಿದ್ದರೆ ವಸತಿ, ಹಸಿರು ಬಿದ್ದರೆ ಉದ್ಯಾನ ಅಥವಾ ಕೃಷಿ. ಇದು ಸೈಟು ಮಾರುವವರಿಗೆ ಚೆನ್ನಾಗಿ ಗೊತ್ತು. ‘ಯೆಲ್ಲೋ ಜೋನ್’, ‘ಗ್ರೀನ್ ಬೆಲ್ಟ್’, ‘ಸಿಡಿಪಿ’ (ಕಾಂಪ್ರಿಹೆನ್ಸಿವ್ ಡೆವಲಪ್‌ಮೆಂಟ್ ಪ್ಲಾನ್) ಎಲ್ಲ ಅವರ ನಾಲಗೆ ಮೇಲೇ ಇವೆ. ಕಾನೂನಿನಲ್ಲಿ ಸಿಡಿಪಿ ಎಂಬ ಹೆಸರು ಹೋಗಿ ಮಾಸ್ಟರ್ ಪ್ಲಾನ್ ಬಂದು ವರ್ಷಗಳಾದರೂ ಬಾಯಲ್ಲಿ ಹೋಗಿಲ್ಲ. ಕೈಗೆ ಸಿಕ್ಕುವ ಕನ್ನಡ ಪದ ಇಲ್ಲದಿರುವುದು ನೆಲ ಉಳ್ಳವರಿಗೆ ಮಾತ್ರ.

ಅದೇ ಅಧಿನಿಯಮದಲ್ಲಿ ಮಾಸ್ಟರ್ ಪ್ಲಾನ್ ಬೇರೆ, ಟೌನ್ ಪ್ಲಾನಿಂಗ್ ಸ್ಕೀಮ್ (ಊರಿನ ಒಂದು ಭಾಗದ ಜಮೀನನ್ನು ಒಟ್ಟುಮಾಡಿ ರಸ್ತೆ, ನಿವೇಶನಗಳಾಗಿ ಮರುವಿಂಗಡಿಸುವುದು) ಬೇರೆ. ಎರಡನೆಯದನ್ನು ನೇರವಾಗಿ ಕನ್ನಡಿಸಿದರೆ ‘ನಗರ ಯೋಜನಾ ಯೋಜನೆ’! ನೆರೆಯ ಮರಾಠಿಯವರಿಗೆ ಈ ಕಷ್ಟವಿಲ್ಲ, ಅಲ್ಲಿ ಇಲಾಖೆಯೇ ‘ನಗರ ರಚನಾ’, ಸ್ಕೀಮ್ ‘ನಗರ ರಚನಾ ಯೋಜನಾ’. ಹಿಂದಿಯಲ್ಲಿ ಪ್ಲಾನಿಂಗಿಗೆ ‘ನಿಯೋಜನ್’, ಪ್ರಾಜೆಕ್ಟಿಗೆ ‘ಪರಿಯೋಜನಾ’ ಎಂದು ಬೇರ್ಪಡಿಸಿಕೊಂಡಿದ್ದಾರೆ. ನಮ್ಮಲ್ಲಿ ‘ನಿಯೋಜನೆ’ ಎಂದರೆ ನೌಕರರನ್ನು ಬೇರೆ ಇಲಾಖೆಗೆ ಕಳಿಸುವುದು, ಹಾಗಾಗಿ ಅದು ಬೇಡ. ‘ನಗರ ರಚನೆ’ ಒಪ್ಪಬಹುದು, ಆದರೆ ‘ಪ್ರದೇಶ ರಚನೆ’ ಎಂದಾಗ ಜಿಲ್ಲೆ ಒಡೆದು ಹೊಸದು ಮಾಡಿದಂತೆ ಕೇಳುತ್ತದೆ.

ನನ್ನ ಮನಸ್ಸು ಹೋಗಿರುವುದು ‘ಹಂಚಿಕೆ’ಯ ಕಡೆಗೆ. ‘ಏನೋ ಹಂಚಿಕೆ ಹಾಕ್ತಾವ್ನೆ’ ಎನ್ನುವಲ್ಲಿ ಅದಕ್ಕೆ ಉಪಾಯ, ಮುಂದಾಲೋಚನೆಯ ಅರ್ಥ. ‘ನೀರಿನ ಹಂಚಿಕೆ’ ಎನ್ನುವಲ್ಲಿ ಪಾಲು ಮಾಡುವ ಅರ್ಥ. ನೆಲದ ಬಳಕೆಯನ್ನು ಗೊತ್ತುಮಾಡುವುದು ಈ ಎರಡೂ ಸೇರಿದ ಕೆಲಸ. ಸೀಮಿತ ನೆಲವನ್ನು ಮನೆ, ರಸ್ತೆ, ಮಾರುಕಟ್ಟೆ, ಕೆರೆ, ಹೊಲಗಳ ನಡುವೆ ಹೇಗೆ ಹಂಚುವುದು ಎಂದು ಮೊದಲೇ ಹಂಚಿಕೆ ಹಾಕುವುದು. ಇಷ್ಟು ಹೊಂದುವ ಪದ ನನಗೆ ಬೇರೆ ಸಿಕ್ಕಿಲ್ಲ. ಆದರೆ ‘ನಿವೇಶನ ಹಂಚಿಕೆ’ ಎಂಬುದು ಪತ್ರಿಕೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ‘ನಗರ ಹಂಚಿಕೆ’ ಎಂದ ಕೂಡಲೇ ಸೈಟಿನ ಅರ್ಜಿಗೆ ಸಾಲು ನಿಲ್ಲಬಹುದೆಂಬ ಹೆದರಿಕೆ ಇದೆ. ‘ನೆಲಬಳಕೆಯ ಹಂಚಿಕೆ’ ಎಂದು ಬಿಡಿಸಿ ಹೇಳಿದರೆ ಆದೀತೇ?

‘ನಕ್ಷೆ’ ಇನ್ನೊಂದು ದಾರಿ. ಮನೆ ಕಟ್ಟುವವರೆಲ್ಲ ‘ನಕ್ಷೆ ಮಂಜೂರಾತಿ’ ಎನ್ನುವುದರಿಂದ ಪ್ಲಾನ್ ಎಂದರೆ ನಕ್ಷೆ ಎಂಬುದು ಆಗಲೇ ರೂಢಿ. ಆದರೆ ಮಾಸ್ಟರ್ ಪ್ಲಾನಿನಲ್ಲಿ ನಕ್ಷೆಯ ಜೊತೆಗೆ ವರದಿ, ವಲಯ ನಿಯಮಾವಳಿ ಕೂಡ ಇರುತ್ತವೆ. ಹಳ್ಳಿಯ ಸಭೆಯಲ್ಲಿ ಮಾತಾಡಲು ಮಾತ್ರ ನನಗೆ ‘ಊರಿನ ಮುಂದಿನ ನಕ್ಷೆ’ಯೇ ಎಲ್ಲಕ್ಕಿಂತ ತಿಳಿಯಾಗಿ ಕಾಣುತ್ತದೆ. ‘ಯೋಜನೆ’ಗೆ ಬದಲಾಗಿ ‘ಹಮ್ಮುಗೆ’ ಎಂಬ ಹೊಸ ಪದವನ್ನೂ ನೋಡಿದ್ದೇನೆ, ಸರ್ವೆಯಲ್ಲಿ ಅದನ್ನು ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನು ‘ಪ್ರಾದೇಶಿಕ’. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಾಗಿನಿಂದ ಈ ಪದದ ಹಿಂದೆಯೇ ‘ಅಸಮತೋಲನ’ ಬರುತ್ತದೆ. ನಮ್ಮ ಓದಿನಲ್ಲಿ ಅದು ಬೇರೆ: ಒಂದು ದೊಡ್ಡ ಊರನ್ನು ನೆಚ್ಚಿಕೊಂಡ ಸುತ್ತಲ ಊರುಗಳ ಬಳಗ. ಮೈಸೂರಿಗೆ ಅದು ನಂಜನಗೂಡನ್ನೂ ಒಳಗೊಳ್ಳುತ್ತದೆ, ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣ, ಬೆಳಗೊಳವನ್ನೂ ಒಳಗೊಳ್ಳುತ್ತದೆ. ಹಾಗಾಗಿ ಜಿಲ್ಲೆ, ತಾಲ್ಲೂಕು, ಹೋಬಳಿ ಯಾವುದೂ ಆಗದು. ‘ಪ್ರದೇಶ’ ಎಂದರೆ ನಾಲ್ಕು ಬೀದಿಯೂ ಆಗಬಹುದು. ಬಯಲುಸೀಮೆಯ ‘ಸೀಮೆ’ ಇಷ್ಟವಾಗುತ್ತದೆ, ಆದರೆ ಅದು ಮಣ್ಣು ಮಳೆಗಳನ್ನು ನೋಡಿ ಇಟ್ಟ ಹೆಸರು, ಜನ ದಿನಾ ಬಸ್ಸು ಹತ್ತಿ ಕೆಲಸಕ್ಕೆ ಬರುವುದನ್ನು ನೋಡಿ ಇಟ್ಟದ್ದಲ್ಲ.

ಹಾಗಾಗಿ ಬಲ್ಲವರಲ್ಲಿ ಎರಡು ಪ್ರಶ್ನೆ. ‘ಹಂಚಿಕೆ’ಗೆ ಉಪಾಯದ ಅರ್ಥ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ, ಇದ್ದರೆ ಒಳ್ಳೆಯ ಅರ್ಥದಲ್ಲೋ ಒಳಸಂಚಿನ ಅರ್ಥದಲ್ಲೋ? ಹಾಗೆಯೇ, ಒಂದೇ ಸಂತೆಗೆ ಬರುವ ಹಳ್ಳಿಗಳನ್ನೆಲ್ಲ ಒಟ್ಟಾಗಿ ಕರೆಯುವ ಪದ ಧಾರವಾಡ, ಕಲಬುರಗಿ, ಕರಾವಳಿ ಕಡೆ ಯಾವುದಾದರೂ ಇದೆಯೇ? ಕೋಶದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಮನೆಯ ಹಿರಿಯರು ಹೇಳುತ್ತಿದ್ದ ಒಂದು ವಾಕ್ಯವನ್ನು ಹಾಗೆಯೇ ಬರೆದು ಕಳಿಸಿ.