ಅಜ್ಜಿ ಮನೆ ಪನ್ನೀರು ಗುಲಾಬಿ ಕಡ್ಡಿ ಬರ್ತಾನೇ ಇಲ್ಲ, ಗೊತ್ತಿದ್ದೋರು ಹೇಳಿ

ಕುಂಡದತೋಟ:
ತೀರ್ಥಹಳ್ಳಿ ಹತ್ರ ನಮ್ಮಜ್ಜಿ ಮನೆ ಬಾವಿಕಟ್ಟೆ ಪಕ್ಕ ಹಳೇ ಪನ್ನೀರು ಗುಲಾಬಿ ಗಿಡ ಇದೆ, ಒಂದು ಹೂ ಇಟ್ರೆ ದೇವರ ಕೋಣೆ ಎಲ್ಲಾ ಘಮ್ ಅನ್ನುತ್ತೆ. ಮನೆ ಮಾರೋ ಮಾತು ನಡೀತಿದೆ, ಅಷ್ಟರೊಳಗೆ ಬೆಂಗಳೂರಿಗೆ ಒಂದು ಗಿಡ ಮಾಡ್ಕೋಬೇಕು. ಮೊದಲು ವಿಡಿಯೋ ನೋಡಿ ಕಡ್ಡಿನ ಆಲೂಗಡ್ಡೆಗೆ ಚುಚ್ಚಿ ಹೂತೆ, ಆಲೂಗಡ್ಡೆ ಚಿಗುರ್ತು, ಗುಲಾಬಿ ಕೊಳೀತು (ನಗಬೇಡಿ). ಆಮೇಲೆ 12 ಕಡ್ಡಿ ನೆಟ್ಟೆ, ಹತ್ತು ದಿನಕ್ಕೆ ಎಂಟರಲ್ಲಿ ಕೆಂಪು ಚಿಗುರು, ಖುಷೀಲಿ ಬಿಸಿಲಿಗಿಟ್ಟೆ, ವಾರದಲ್ಲಿ ಎಲ್ಲಾ ಬುಡದಿಂದ ಕಪ್ಪು. ಕಿತ್ತು ನೋಡಿದ್ರೆ ಒಂದೂ ಬೇರಿಲ್ಲ.

ಮೈಸೂರ್‌ಟೆರೇಸ್:
ಚಿಗುರು ಬಂತು ಅಂದ್ರೆ ಬೇರು ಬಂತು ಅಂತಲ್ಲ, ಕಡ್ಡಿಯೊಳಗಿರೋ ಸತ್ವದಲ್ಲೇ ಚಿಗುರಿಬಿಡುತ್ತೆ, ಎಲ್ರೂ ಅಲ್ಲೇ ಮೋಸ ಹೋಗೋದು. ಹೂ ಬಿಟ್ಟು ಉದುರಿದ ಟೊಂಗೆ ತಗೊಳ್ಳಿ, ಪೆನ್ಸಿಲ್ ದಪ್ಪ, 6-8 ಇಂಚು, ಕೆಳಗೆ ಗಿಣ್ಣಿನ ಬುಡಕ್ಕೇ ಓರೆಯಾಗಿ ಕತ್ತರಿಸಿ, ಮೇಲೆ ಎರಡೆಲೆ ಬಿಟ್ಟು ಉಳಿದದ್ದು ತೆಗೀರಿ. ಕೆಮ್ಮಣ್ಣು ಅರ್ಧ ಮರಳು ಅರ್ಧ, ಗೊಬ್ಬರ ಬೇಡವೇ ಬೇಡ. ಬುಡ ಕುಯ್ದ ನೀರಿನ ಬಾಟ್ಲಿ ಮುಚ್ಚಿ ನೆರಳಲ್ಲಿಡಿ, ದಿನಕ್ಕೊಂದ್ಸಲ ಮುಚ್ಚಳ ತೆಗೆದು ಗಾಳಿ ಆಡಿಸಿ. ಕಮ್ಮಿ ಅಂದ್ರೂ ಒಂದು ತಿಂಗಳು ಎಳೆದು ನೋಡಬೇಡಿ.

ಧಾರವಾಡದಾಕಿ:
ಅವರು ಹೇಳಿದ್ದು ಖರೇ ಐತ್ರಿ. ಜೇನುತುಪ್ಪ, ಲೋಳೆಸರ ಅಂತ ಬಾಳ ಮಂದಿ ಹೇಳ್ತಾರ, ನಾ ಹಚ್ಚಿನೂ ನೋಡೀನಿ ಹಚ್ಚದನೂ ನೋಡೀನಿ, ಫರಕ್ ಏನೂ ಕಾಣಲಿಲ್ಲ. ರೂಟಿಂಗ್ ಪೌಡರ್ (ಬೇರು ಬರಸೂ ಪುಡಿ) ಸಿಕ್ರ ಬುಡಕ್ಕ ಚೂರು ಹಚ್ಚರಿ. ನೀರು ಜಾಸ್ತಿ ಹಾಕೀರಿ ಅಂತ ಅನಸ್ತದ, ಬುಡ ಕಪ್ಪಾಗೂದು ಹಂಗ.

ಪುತ್ತೂರುಹಿತ್ತಿಲು:
ತಾಯಿ ಗಿಡ ಅಲ್ಲೇ ಉಂಟಲ್ಲ ಮಾರಾಯ್ರೆ, ಕಡ್ಡಿ ಹಿಂದೆ ಯಾಕೆ ಬಿದ್ದದ್ದು? ಉದ್ದದ ಒಂದು ಗೆಲ್ಲು ಮೆಲ್ಲ ಬಗ್ಗಿಸಿ, ನೆಲಕ್ಕೆ ತಾಗುವಲ್ಲಿ ಅಡಿಭಾಗದ ಸಿಪ್ಪೆ ಒಂದಿಂಚು ಕೆರೆದು, ಮಣ್ಣೊಳಗೆ ಹೂತು ಮೇಲೆ ಕಲ್ಲು ಇಡಿ, ತುದಿ ಮಾತ್ರ ಹೊರಗಿರಲಿ. ತಾಯಿಯಿಂದ ನೀರು ಬರ್ತಾ ಇರ್ತದೆ, ಹಾಗಾಗಿ ಒಣಗುವ ಭಯ ಇಲ್ಲ. ಎರಡು ಮೂರು ತಿಂಗಳಲ್ಲಿ ಬೇರು ಬಿಟ್ಟ ಮೇಲೆ ಕತ್ತರಿಸಿ ಮಣ್ಣು ಸಮೇತ ತೆಗೀರಿ. ನನ್ನ ಹಿತ್ತಿಲಿನ ಮೂರು ಗಿಡವೂ ಹೀಗೇ ಮಾಡಿದ್ದು.

ಹಳೇಗುಲಾಬಿ:
ಬುಡದಲ್ಲಿ ಕಸಿ ಗಂಟು ಇದ್ಯಾ ನೋಡ್ಕೊಳ್ಳಿ. ಇದ್ರೆ ಗಂಟಿನ ಕೆಳಗಿನ ಚಿಗುರು ತಗೋಬೇಡಿ, ಅದು ಬೇರೆ ಜಾತಿ. ನಮ್ಮ ಕಡೆ ಪನ್ನೀರು ಗುಲಾಬಿ ಅಂತ ಎಡ್ವರ್ಡ್ ರೋಸನ್ನೂ ಕರೀತಾರೆ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಮೂಲದ್ದು, ಆಗ ಆ ದ್ವೀಪಕ್ಕೆ ಬೂರ್ಬನ್ ಅಂತಿದ್ರು. 1867ರಲ್ಲಿ ಲಾ ಫ್ರಾನ್ಸ್ ಅನ್ನೋ ಹೈಬ್ರಿಡ್ ಟೀ (ಈಗಿನ ಕಾಲದ ದೊಡ್ಡ ಹೂವಿನ ಗುಲಾಬಿ ಗುಂಪು) ಬರೋಕ್ಕಿಂತ ಹಿಂದಿನ ತಳಿ ಇವೆಲ್ಲ. ಫೋಟೋ ಹಾಕಿ.

ಕುಂಡದತೋಟ:
ಕಸಿ ಗಂಟು ಇಲ್ಲ, ಅಮ್ಮನ ಕೇಳಿದೆ, ಅಜ್ಜೀನೂ ಯಾರ ಮನೆಯಿಂದ್ಲೋ ಕಡ್ಡಿ ತಂದಿದ್ದಂತೆ. ದೀಪಾವಳಿಗೆ ಹೋದಾಗ ಮೂರು ಗೆಲ್ಲು ಹೂತು ಬರ್ತೀನಿ. ಆದ್ರೆ ಪಕ್ಕದ ಮನೆ ದನ ಅಲ್ಲೇ ಓಡಾಡುತ್ತೆ, ಕಲ್ಲು ತಳ್ಳಿಬಿಟ್ರೆ?

ಪುತ್ತೂರುಹಿತ್ತಿಲು:
ಸುತ್ತ ನಾಲ್ಕು ಅಡಿಕೆ ದಬ್ಬೆ ಹೊಡೆದು ಹಗ್ಗ ಕಟ್ಟಿ.