ಟ್ವಿನ್ಸ್ ಹೋಮ್ ರನ್ ಹೊಡೀತಾರೆ ಸರಿ, ಮೂರನೇ ಬೇಸಲ್ಲಿ ನಿಂತವನನ್ನ ಹೋಮ್‌ಗೆ ತರೋರು ಯಾರು?

ಎಡಗೈಬ್ಯಾಟು:
ಅಮೆರಿಕದ ಬೇಸ್‌ಬಾಲ್ ತಂಡ ಮಿನೆಸೋಟ ಟ್ವಿನ್ಸ್ 2023ರಲ್ಲಿ 233 ಹೋಮ್ ರನ್ (ಬೇಲಿ ದಾಟೋ ಹೊಡೆತ) ಹೊಡೀತು. ಜೊತೆಗೆ 1,654 ಸ್ಟ್ರೈಕ್‌ಔಟ್, ಅಂದ್ರೆ ಮೂರು ಸ್ಟ್ರೈಕ್ ಬಿದ್ದು ಚೆಂಡು ಆಟಕ್ಕೇ ಬರದೆ ಬ್ಯಾಟರ್ ಔಟ್. ಮೇಜರ್ ಲೀಗ್‌ನಲ್ಲಿ ಅಲ್ಲೀವರೆಗೆ ಯಾವ ತಂಡವೂ ಒಂದೇ ಸೀಸನ್‌ನಲ್ಲಿ ಅಷ್ಟು ಸಲ ಸ್ಟ್ರೈಕ್‌ಔಟ್ ಆಗಿರಲಿಲ್ಲ. ಪಂದ್ಯಕ್ಕೆ ಹತ್ತರ ಮೇಲೆ ಬಂತು. ಒಂದು ಪಂದ್ಯದಲ್ಲಿ ತಂಡಕ್ಕೆ ಇರೋದೇ 27 ಔಟು, ಅದರಲ್ಲಿ ಹತ್ತು ಚೆಂಡು ಆಟಕ್ಕೇ ಬರದೆ ಹೋದ್ರೆ ಹೇಗೆ? ಒಂದು ಔಟ್, ಮೂರನೇ ಬೇಸಲ್ಲಿ ರನ್ನರ್, ಔಟ್‌ಫೀಲ್ಡ್‌ಗೆ (ದೂರದ ಮೈದಾನಕ್ಕೆ) ಒಂದು ಫ್ಲೈ ಬಾಲ್ ಸಾಕು, ಕ್ಯಾಚ್ ಹಿಡಿದ ಮೇಲೂ ರನ್ನರ್ ಹೋಮ್‌ಗೆ ಓಡಬಹುದು ಅನ್ನೋವಾಗಲೂ ಬೇಲಿ ದಾಟಿಸೋ ಸ್ವಿಂಗೇ! 2022ರಲ್ಲಿ .316 ಹೊಡೆದು ಬ್ಯಾಟಿಂಗ್ ಕಿರೀಟ ಗೆದ್ದ ಲೂಯಿಸ್ ಅರಾಯೆಸ್‌ನ ಮಯಾಮಿಗೆ ಕಳಿಸಿ ಜೋಯಿ ಗ್ಯಾಲೊನ ತಂದಿದ್ದು ಯಾವ ಲೆಕ್ಕ?

ಬುಲ್‌ಪೆನ್_ಬಾಗಿಲು:
ಅರಾಯೆಸ್ ವಿಷಯ ಬೇರೆ ಇಡಿ. ಅವನ ಬದಲಿಗೆ ಬಂದವನು ಪಿಚರ್ (ಚೆಂಡು ಎಸೆಯೋನು) ಪಾಬ್ಲೊ ಲೋಪೆಸ್. ಆ ವರ್ಷ 234 ಸ್ಟ್ರೈಕ್‌ಔಟ್ ಕಿತ್ತ, ಟೊರಾಂಟೊ ವಿರುದ್ಧ ಮೊದಲ ಪಂದ್ಯ ಗೆಲ್ಲಿಸಿ ಪ್ಲೇಆಫ್‌ನ 18 ಸೋಲಿನ ಸರಣಿ ಮುರಿದವನೂ ಅವನೇ. ಗ್ಯಾಲೊ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ: 332 ಸಲ ಬ್ಯಾಟಿಗೆ ಬಂದು 142 ಸ್ಟ್ರೈಕ್‌ಔಟ್, ಸರಾಸರಿ .177. ಹೋಮ್ ರನ್ 21 ಇದ್ದವು, ನಿಜ.

ಸರಾಸರಿ ತೆಗೆದರೆ ಸ್ಟ್ರೈಕ್‌ಔಟ್‌ಗೂ ಬೇರೆ ಔಟ್‌ಗೂ ಇರೋ ನಷ್ಟದ ವ್ಯತ್ಯಾಸ ತೀರಾ ಕಮ್ಮಿ, ಯಾಕಂದ್ರೆ ನೆಲಕ್ಕೆ ಹೊಡೆದ ಚೆಂಡು ಡಬಲ್ ಪ್ಲೇ ಆಗಿ ಎರಡು ಔಟ್ ತಿನ್ನುತ್ತೆ. ತಂಡದವರು ಸಹಿಸಿಕೊಳ್ಳೋದು ಇದಕ್ಕೇ. ಆದ್ರೆ ನೀವು ಹೇಳಿದ ಸಂದರ್ಭ ಆ ಸರಾಸರಿಯಲ್ಲಿ ಕಾಣೋದಿಲ್ಲ. ಒಂದು ಔಟ್‌ಗೆ ಮೂರನೇ ಬೇಸಲ್ಲಿರೋ ರನ್ನರ್ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಸಲ ಹೋಮ್ ಮುಟ್ಟುತ್ತಾನೆ. ಮೂರನೇ ಔಟ್‌ಗೆ ಸರದಿ ಮುಗಿಯುತ್ತೆ, ಹಾಗಾಗಿ ಎರಡನೇ ಔಟ್ ಬಿತ್ತೋ, ನಾಲ್ಕರಲ್ಲಿ ಒಂದು ಸಲ ಬಂದ್ರೆ ಹೆಚ್ಚು.

ಎರಡು_ಸ್ಟ್ರೈಕ್:
ಎಲ್ಲ ಸ್ಟ್ರೈಕ್‌ಔಟ್ ಒಂದೇ ಅಲ್ಲ. ಬೇಸ್‌ಬಾಲ್ ಸವಾಂಟ್ ಅನ್ನೋ ಅಂಕಿಅಂಶದ ವೆಬ್‌ಸೈಟ್‌ನಲ್ಲಿ ಆಟಗಾರನ ಪುಟ ತೆಗೆದು, ಸ್ಟ್ರೈಕ್ ಝೋನ್ (ಬ್ಯಾಟರ್ ಹೊಡೆಯಬೇಕಾದ ಜಾಗ) ಹೊರಗಿನ ಚೆಂಡಿಗೆ ಎಷ್ಟು ಬೀಸ್ತಾನೆ, ಒಳಗಿನದನ್ನ ಎಷ್ಟು ತಪ್ಪಿಸ್ತಾನೆ, ಎರಡನ್ನೂ ಬೇರೆ ಬೇರೆ ನೋಡಿ. ಹೊರಗಿನದಕ್ಕೆ ಬೀಸೋದು ಕಣ್ಣಿನ, ತೀರ್ಮಾನದ ತಪ್ಪು. ಒಳಗಿನದೇ ತಪ್ಪಿದ್ರೆ ಬ್ಯಾಟಿನ ದಾರಿ ನೋಡಬೇಕು. ಕೆಳಗಿಂದ ಮೇಲಕ್ಕೆ ಬರೋ ಸ್ವಿಂಗ್ ಮೊಣಕಾಲೆತ್ತರದ ಚೆಂಡಿಗೆ ಚೆನ್ನಾಗಿ ಕೂಡುತ್ತೆ, ಎದೆಯೆತ್ತರದ ಫೋರ್-ಸೀಮರ್ (ನೇರ ವೇಗದ ಎಸೆತ) ಮಾತ್ರ ಅದರ ಮೇಲಿಂದ ಹೋಗುತ್ತೆ. ಎರಡು ಸ್ಟ್ರೈಕ್ ಆದಮೇಲೆ ಪಿಚರ್ ಅಲ್ಲಿಗೇ ಎಸೆಯೋದು.

ಆಗ ಹಿಡಿತ ಒಂದು ಇಂಚು ಮೇಲೆ ಬರಬೇಕು, ಮುಂಗಾಲಿನ ಹೆಜ್ಜೆ ಚಿಕ್ಕದಾಗಬೇಕು, ಚೆಂಡನ್ನ ಇನ್ನೊಂದಿಷ್ಟು ಒಳಗೆ ಬಿಟ್ಟುಕೊಂಡು ಎದುರು ಮೈದಾನಕ್ಕೆ ತಳ್ಳಬೇಕು. ಹಿಡಿತ ಮೇಲೆ ಹೋದ್ರೆ ಹೊರ ಅಂಚಿನ ಚೆಂಡು ಕೈಗೆ ಸಿಗಲ್ಲ. ಪ್ಲೇಟ್‌ಗೆ ಸ್ವಲ್ಪ ಹತ್ತಿರ ನಿಲ್ಲದೆ ಹಿಡಿತ ಮಾತ್ರ ಬದಲಾಯಿಸಿದವರು ಎಡವೋದು ಇಲ್ಲೇ.

ಹಳೇ_ಸ್ಕೋರ್‌ಕಾರ್ಡ್:
2010ರ ಅರಿಜೋನ ತಂಡ ನೋಡಿ. 1,529 ಸ್ಟ್ರೈಕ್‌ಔಟ್, ಆ ಕಾಲಕ್ಕೆ ಅದೇ ದಾಖಲೆ, 97 ಸೋಲು. ಆ ಡಿಸೆಂಬರ್‌ನಲ್ಲಿ ತಂಡದಲ್ಲೇ ಅತಿ ಹೆಚ್ಚು ಸ್ಟ್ರೈಕ್‌ಔಟ್ ಆಗಿದ್ದ ಮಾರ್ಕ್ ರೆನಾಲ್ಡ್ಸ್‌ನ ಬಾಲ್ಟಿಮೋರ್‌ಗೆ ಕೊಟ್ಟರು, ಮುಂದಿನ ವರ್ಷ 94 ಗೆಲುವು. ಬುಲ್‌ಪೆನ್ (ಪಂದ್ಯದ ನಡುವೆ ಇಳಿಯೋ ಪಿಚರ್‌ಗಳ ಗುಂಪು) ಕೂಡ ಕಟ್ಟಿದ್ದರು, ಪಿಚರ್ ಇಯಾನ್ ಕೆನಡಿ 21 ಪಂದ್ಯ ಗೆದ್ದ, ಪೂರ್ತಿ ಶ್ರೇಯಸ್ಸು ಆ ಒಂದು ಟ್ರೇಡ್‌ಗೆ ಕೊಡೋಕಾಗಲ್ಲ.

ಟ್ವಿನ್ಸ್‌ಗೆ ಒಂಬತ್ತೂ ಜನರನ್ನ ಬದಲಾಯಿಸೋದು ಬೇಡ. ನೂರಕ್ಕೆ ಮೂವತ್ತರ ಮೇಲೆ ಸ್ಟ್ರೈಕ್‌ಔಟ್ ಆಗೋ ಇಬ್ಬರನ್ನ ಬ್ಯಾಟಿಂಗ್ ಕ್ರಮದ ಐದು-ಆರರಲ್ಲಿ ಒಬ್ಬರ ಹಿಂದೊಬ್ಬರು ಇಳಿಸಬೇಡಿ, ನಡುವೆ ಚೆಂಡು ಮುಟ್ಟೋನೊಬ್ಬ ಇರಲಿ. ಮೊದಲನೆಯವನು ಸ್ಟ್ರೈಕ್‌ಔಟ್ ಆದ್ರೂ ಮೂರನೇ ಬೇಸಲ್ಲಿರೋನಿಗೆ ಇನ್ನೊಂದು ಅವಕಾಶ ಉಳಿಯುತ್ತೆ.