ಹಿಮದ ಊರಲ್ಲಿ ಮೊದಲ ಚಳಿಗಾಲ: ಟೈರ್ ಬದಲಿಸಬೇಕೋ, ಕಾರನ್ನೇ ಬದಲಿಸಬೇಕೋ?

ಕೇಳಿದವರು, ಮಿನಿಯಾಪೊಲಿಸ್

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಮೆರಿಕದ ಮಿನ್ನೆಸೋಟಕ್ಕೆ ಬಂದ ಮೇಲೆ ಇದೇ ಮೊದಲ ಚಳಿಗಾಲ. ಕಾರು 2019ರ ಟೊಯೋಟಾ ಕ್ಯಾಮ್ರಿ, ಫ್ರಂಟ್ ವೀಲ್ ಡ್ರೈವ್ (ಮುಂದಿನ ಎರಡು ಚಕ್ರ ಮಾತ್ರ ಎಳೆಯುವುದು). ಈಗಿರುವುದು 235/45 ಆರ್ 18 ಅಳತೆಯ (ಅಗಲ 235 ಮಿ.ಮೀ., ಪಕ್ಕದ ಗೋಡೆ ಅಗಲದ ಶೇ. 45, ರಿಮ್ 18 ಇಂಚು) ಆಲ್ ಸೀಸನ್ ಟೈರ್, ಬಟನ್ (ರಸ್ತೆಗೆ ತಾಗುವ ರಬ್ಬರ್ ಉಬ್ಬು) 5 ಮಿ.ಮೀ.ನಷ್ಟು ಉಳಿದಿದೆ. ದಿನಕ್ಕೆ 60 ಕಿ.ಮೀ. ಓಡಾಟ, ಹೆಚ್ಚಿನದು ಫ್ರೀವೇ; ಮನೆ ಹತ್ತಿರ ಒಂದು ಏರು ಇದೆ. ಆಫೀಸಿನಲ್ಲಿ ಕೆಲವರು ಇದನ್ನು ಮಾರಿ ನಾಲ್ಕೂ ಚಕ್ರ ಎಳೆಯುವ ಆಲ್ ವೀಲ್ ಡ್ರೈವ್ ಎಸ್‌ಯುವಿ ತಗೊಳ್ಳಿ ಅಂತಾರೆ, ಇನ್ನು ಕೆಲವರು ವಿಂಟರ್ ಟೈರ್ ಸಾಕು ಅಂತಾರೆ. ತಿಳಿದವರು ಕಾರಣ ಸಮೇತ ಹೇಳಿದರೆ ಉಪಕಾರ.

ಸೇಂಟ್ ಪಾಲ್‌ನಿಂದ

ಕಾರು ಮಾರಬೇಡಿ. ಮೊದಲು ನಾಲ್ಕು ವಿಂಟರ್ ಟೈರ್ ಹಾಕಿಸಿ. ಆಮೇಲೂ ಆ ಏರು ಹತ್ತದಿದ್ದರೆ ಆಲ್ ವೀಲ್ ಡ್ರೈವ್ ಯೋಚನೆ ಮಾಡಿ.

ಎಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಹೋಗುತ್ತದೋ ನಾಲ್ಕಕ್ಕೆ ಹೋಗುತ್ತದೋ ಎನ್ನುವುದು ಕಾರು ಹೊರಡುವಾಗ, ಏರು ಹತ್ತುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಿಲ್ಲಿಸುವಾಗ ಎಲ್ಲ ಕಾರಿಗೂ ಬ್ರೇಕ್ ಇರುವುದು ನಾಲ್ಕು ಚಕ್ರಕ್ಕೇ. ಆಗ ಕೆಲಸ ಮಾಡುವುದು ರಬ್ಬರ್ ಮತ್ತು ರಸ್ತೆಯ ನಡುವಿನ ಹಿಡಿತ ಒಂದೇ. 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಿರಿ ಅಂತಿಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ (ಹಿಡಿತದ ಅಳತೆ) 0.8 ಇದ್ದರೆ 12 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದಲ್ಲಿ 0.3 ಇದ್ದರೆ 33 ಮೀಟರ್ ಬೇಕು. ಐಸ್ ಮೇಲೆ 0.15 ಸಿಕ್ಕರೆ 66 ಮೀಟರ್, 0.1 ಆದರೆ 98 ಮೀಟರ್. ಇದು ಬ್ರೇಕ್ ಹಿಡಿದ ಮೇಲಿನ ದೂರ ಮಾತ್ರ. ಕಾಲು ಪೆಡಲ್‌ಗೆ ಹೋಗುವ ಮೊದಲಿನ ಸಮಯ ಇದಕ್ಕೆ ಸೇರಿಲ್ಲ. ಆಲ್ ವೀಲ್ ಡ್ರೈವ್ ಇದ್ದರೂ ಈ ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ.

ಈಗ ಏರಿನ ಲೆಕ್ಕ. ಕ್ಯಾಮ್ರಿಯಂಥ ಕಾರಿನ ತೂಕದಲ್ಲಿ ಸುಮಾರು ಶೇ. 60 ಮುಂದಿನ ಚಕ್ರಗಳ ಮೇಲಿರುತ್ತದೆ. ಐಸ್ ಮೇಲೆ ನಿಮ್ಮ ಆಲ್ ಸೀಸನ್ ಟೈರಿಗೆ 0.1, ವಿಂಟರ್ ಟೈರಿಗೆ 0.15 ಸಿಗುತ್ತದೆ ಎಂದು ಹಿಡಿದರೆ:

ಫ್ರಂಟ್ ವೀಲ್ ಡ್ರೈವ್ + ಆಲ್ ಸೀಸನ್: ಶೇ. 6ರ ಏರು (100 ಮೀಟರಿಗೆ 6 ಮೀಟರ್ ಎತ್ತರ) ಹತ್ತಬಹುದು
ಆಲ್ ವೀಲ್ ಡ್ರೈವ್ + ಆಲ್ ಸೀಸನ್: ಶೇ. 10
ಫ್ರಂಟ್ ವೀಲ್ ಡ್ರೈವ್ + ವಿಂಟರ್: ಶೇ. 9
ಆಲ್ ವೀಲ್ ಡ್ರೈವ್ + ವಿಂಟರ್: ಶೇ. 15

ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹತ್ತುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ಎರಡನೆಯ ಕಾರಿಗೆ ನಿಲ್ಲಲು ಸಮತಟ್ಟು ರಸ್ತೆಯಲ್ಲೇ ಒಂದೂವರೆ ಪಟ್ಟು ದೂರ ಬೇಕು, ಅದೇ ಏರನ್ನು ಇಳಿದು ಬರುವಾಗ ಇನ್ನೂ ಹೆಚ್ಚು. ಇನ್ನೂ ಒಂದು ಅಪಾಯವಿದೆ. ಆಲ್ ವೀಲ್ ಡ್ರೈವ್ ಕಾರು ಸಿಗ್ನಲ್‌ನಿಂದ ಸಲೀಸಾಗಿ ಹೊರಟುಬಿಡುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬುದೇ ಡ್ರೈವರ್‌ಗೆ ಗೊತ್ತಾಗುವುದಿಲ್ಲ. ಮೊದಲು ಗೊತ್ತಾಗುವುದು ಬ್ರೇಕ್ ಒತ್ತಿದಾಗ.

ಮಾಂಟ್ರಿಯಲ್‌ನಿಂದ

ಮೇಲಿನವರ ಮಾತು ನೂರಕ್ಕೆ ನೂರು ಸರಿ. ಟೈರ್ ಆರಿಸುವ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ.

ಟೈರಿನ ಪಕ್ಕದಲ್ಲಿ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅದನ್ನು ನಂಬಬೇಡಿ. ಅದು ಬಟನ್‌ಗಳ ನಡುವಿನ ಸಂದುಗಳನ್ನು ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು, ಪರೀಕ್ಷೆ ಇಲ್ಲ. ನೋಡಬೇಕಾದದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ. ಅಮೆರಿಕ, ಕೆನಡಾಗಳಲ್ಲಿ ಅದು ಬೇಕಾದರೆ ಗಟ್ಟಿ ಹಿಮದ ಮೇಲಿನ ಎಳೆತದ ಪರೀಕ್ಷೆಯಲ್ಲಿ ಮಾದರಿ ಟೈರಿಗಿಂತ ನಿಗದಿತ ಪ್ರಮಾಣದಷ್ಟಾದರೂ ಮೇಲಿರಬೇಕು. ಆದರೆ ಗಮನಿಸಿ, ಆ ಪರೀಕ್ಷೆ ಐಸ್ ಮೇಲೆ ನಡೆಯುವುದಿಲ್ಲ. ಹಾಗಾಗಿ ಈ ಗುರುತು ಇರುವ ಎಲ್ಲ ಟೈರುಗಳೂ ಐಸ್ ಮೇಲೆ ಒಂದೇ ಸಮ ಅಲ್ಲ.

ಆಲ್ ಸೀಸನ್ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ವಿಂಟರ್ ಟೈರಿನ ರಬ್ಬರ್ ಮೈನಸ್ 20ರಲ್ಲೂ ಮೆತ್ತಗಿರುವಂತೆ ಮಾಡಿರುತ್ತಾರೆ. ಅದರ ಬಟನ್ ಮೇಲೆ ಬ್ಲೇಡಿನಲ್ಲಿ ಸೀಳಿದಂತೆ ಸಣ್ಣ ಗೀರುಗಳಿರುತ್ತವೆ. ಆ ಗೀರುಗಳ ಅಂಚು ಐಸನ್ನು ಕಚ್ಚುತ್ತದೆ, ಮೇಲಿನ ನೀರಿನ ಪದರವನ್ನು ಒಳಗೆ ಎಳೆದುಕೊಳ್ಳುತ್ತದೆ. ಐಸ್ ಅತಿ ಹೆಚ್ಚು ಜಾರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಆ ನೀರಿನ ಪದರದಿಂದಲೇ. ಮೈನಸ್ 20ರ ಐಸ್ ಅದಕ್ಕಿಂತ ವಾಸಿ. ಹೊಸಬರು ಇದನ್ನು ತಿರುಗಾಮುರುಗಾ ಅಂದುಕೊಂಡಿರುತ್ತಾರೆ.

ವಿಂಟರ್ ಟೈರಿನಲ್ಲೂ ಎರಡು ಜಾತಿ. ಸ್ಪೀಡ್ ರೇಟಿಂಗ್ (ಟೈರ್ ತಾಳುವ ಗರಿಷ್ಠ ವೇಗದ ಅಕ್ಷರ) ಸಾಮಾನ್ಯವಾಗಿ ಎಚ್ ಅಥವಾ ವಿ ಇರುವುದು ಒದ್ದೆ ರಸ್ತೆ, ಹೆಚ್ಚಿನ ವೇಗಕ್ಕೆ ಮಾಡಿದ್ದು, ಜರ್ಮನಿಯಂಥ ಕಡೆಗೆ. ಹೆಚ್ಚಾಗಿ ಆರ್ ಅಥವಾ ಟಿ, ಕೆಲವು ಅಳತೆಗಳಲ್ಲಿ ಎಚ್ ಇರುವ ನಾರ್ಡಿಕ್ (ಉತ್ತರ ಯುರೋಪಿನ ಚಳಿಗೆ ಮಾಡಿದ) ಜಾತಿಯದು ಇನ್ನೂ ಮೆತ್ತಗೆ, ಐಸ್‌ಗೇ ಮಾಡಿದ್ದು. ನಿಮಗೆ ಬೇಕಾದದ್ದು ಇದು. ಬ್ರಿಡ್ಜ್‌ಸ್ಟೋನ್ ಬ್ಲಿಜ್ಜಾಕ್ ಡಬ್ಲ್ಯುಎಸ್ ಸಾಲು, ಮಿಶೆಲಿನ್ ಎಕ್ಸ್ ಐಸ್, ನೋಕಿಯನ್ ಹಕ್ಕಪೆಲೀಟ ಆರ್ ಸಾಲು, ಕಾಂಟಿನೆಂಟಲ್ ವೈಕಿಂಗ್‌ಕಾಂಟ್ಯಾಕ್ಟ್ ಎಲ್ಲ ಈ ಗುಂಪಿನವು. ಇವುಗಳಲ್ಲಿ ಯಾವುದೇ ತಗೊಂಡರೂ ತಪ್ಪಿಲ್ಲ. ನಿಮ್ಮ ಅಳತೆಯಲ್ಲಿ ಸಿಗುವುದನ್ನು ಹಾಕಿಸಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಹಳೇ ಸ್ಟಾಕ್ ಆದರೆ ಬೇಡ ಅನ್ನಿ.

ಕ್ಯುಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಮಿನ್ನೆಸೋಟದಲ್ಲಿ ಅಂಥ ಕಾನೂನಿಲ್ಲ, ಆದ್ದರಿಂದಲೇ ಜನ ಮುಂದೂಡುತ್ತಾರೆ. ಸ್ಟಡ್ ಅಂದರೆ ಮೊಳೆ ಹೊಡೆದ ಟೈರಿನ ಆಸೆ ಬೇಡ, ನಿಮ್ಮ ರಾಜ್ಯದ ನಿವಾಸಿಗಳ ಸಾಮಾನ್ಯ ಕಾರಿಗೆ ಅದಕ್ಕೆ ಅವಕಾಶವಿಲ್ಲ.

ಶಿಕಾಗೋದಿಂದ

ಒಂದು ಭಿನ್ನ ಅಭಿಪ್ರಾಯ. ಆಲ್ ವೆದರ್ ಟೈರ್ ಅಂತ ಬರುತ್ತದಲ್ಲ, ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ತರಹದ್ದು, ಅದಕ್ಕೂ ಆ ಬೆಟ್ಟದ ಗುರುತಿದೆ. ವರ್ಷಕ್ಕೆ ಎರಡು ಸಲ ಬದಲಿಸುವ ತಲೆನೋವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಸೆಟ್ ಇಡಲು ಜಾಗ ಇಲ್ಲದವರಿಗೆ ಅದೇ ಸರಿ.

ಸೇಂಟ್ ಪಾಲ್‌ನಿಂದ

ಜಾಗವೇ ಇಲ್ಲದಿದ್ದರೆ ಒಪ್ಪುತ್ತೇನೆ. ಆಲ್ ಸೀಸನ್‌ಗಿಂತ ಅದು ಎಷ್ಟೋ ಮೇಲು, ಹಿಮದಲ್ಲಂತೂ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಐಸ್ ಮೇಲೆ ನಾರ್ಡಿಕ್ ಟೈರಿನ ಹತ್ತಿರ ಬರುವುದಿಲ್ಲ. ನಮ್ಮಲ್ಲಿ ರಸ್ತೆಯ ಉಷ್ಣತೆ ಮೈನಸ್ 9ಕ್ಕಿಂತ ಇಳಿದರೆ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ. ಸಿಗ್ನಲ್‌ಗಳಲ್ಲಿ ಸಾವಿರಾರು ಟೈರ್ ಉಜ್ಜಿ ಹೊಳಪು ಬಂದ ಐಸ್ ದಿನಗಟ್ಟಲೆ ಹಾಗೇ ಇರುತ್ತದೆ. ದಿನಾ 60 ಕಿ.ಮೀ. ಓಡುವವರು ಅಲ್ಲಿ ರಾಜಿ ಮಾಡಿಕೊಳ್ಳಬಾರದು. ಇಲ್ಲಿನ ಹಲವು ಟೈರ್ ಅಂಗಡಿಗಳು ಬಾಡಿಗೆಗೆ ಟೈರ್ ಇಟ್ಟುಕೊಳ್ಳುತ್ತವೆ, ವಿಚಾರಿಸಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಎಳೆಯುವುದು ಮುಂದಿನ ಚಕ್ರ ತಾನೇ, ಮುಂದಕ್ಕೆ ಮಾತ್ರ ಎರಡು ಹಾಕಿದರೆ ಸಾಲದೇ? ರಿಮ್ ಬೇರೆ ತಗೋಬೇಕಾ?

ಡುಲೂತ್‌ನಿಂದ

ದಯವಿಟ್ಟು ಎರಡು ಹಾಕಬೇಡಿ. ಮುಂದಿನ ಚಕ್ರ ರಸ್ತೆ ಕಚ್ಚಿ ಹಿಂದಿನದು ಜಾರಿದರೆ, ತಿರುವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಹಿಂಭಾಗ ಮುಂದಕ್ಕೆ ಬಂದು ಕಾರು ಗಿರಕಿ ಹೊಡೆಯುತ್ತದೆ. ನಾಲ್ಕೂ ಆಲ್ ಸೀಸನ್ ಇರುವ ಕಾರಿಗಿಂತ ಇದು ಅಪಾಯ. ಕಾರು ಯಾವುದೇ ಇರಲಿ, ನಾಲ್ಕೂ ಒಂದೇ ಮಾದರಿ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು.

ರಿಮ್ ಬೇರೆ ತಗೊಳ್ಳಿ. ಒಂದೇ ರಿಮ್ಮಿಗೆ ಪ್ರತಿ ಸಲ ಟೈರ್ ಕಳಚಿ ಹಾಕಿದರೆ ಟೈರಿನ ಅಂಚು ಹಾಳಾಗುತ್ತದೆ, ಪ್ರತಿ ಸಲ ಬ್ಯಾಲೆನ್ಸಿಂಗ್ ಖರ್ಚೂ ಇರುತ್ತದೆ. ನಿಮ್ಮದು 235/45 ಆರ್ 18. ಅದರ ಬದಲು 215/55 ಆರ್ 17 ತಗೊಳ್ಳಿ. ವ್ಯಾಸ ಮೊದಲಿನದು 668.7 ಮಿ.ಮೀ., ಎರಡನೆಯದು 668.3, ಸ್ಪೀಡೋಮೀಟರ್‌ಗೆ ವ್ಯತ್ಯಾಸವೇ ತಿಳಿಯದು. ಇದೇ ಕ್ಯಾಮ್ರಿಯ ಎಲ್‌ಇ ಮಾದರಿ ಈ ಅಳತೆಯಲ್ಲೇ ಬರುತ್ತಿತ್ತು, ಹಾಗಾಗಿ ಬ್ರೇಕ್ ಕ್ಯಾಲಿಪರ್‌ಗೆ ರಿಮ್ ತಾಗುವುದಿಲ್ಲ. ಟೈರ್ ಕಿರಿದಾದಷ್ಟೂ ಹಿಮವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ, ಪಕ್ಕದ ಗೋಡೆ ಎತ್ತರ ಇದ್ದಷ್ಟೂ ಹಿಮದಡಿ ಅಡಗಿದ ಹೊಂಡಕ್ಕೆ ರಿಮ್ ಬಗ್ಗುವುದು ಕಡಿಮೆ. 17 ಇಂಚಿನ ಟೈರಿಗೆ ಬೆಲೆಯೂ ಕಡಿಮೆ. ರಿಮ್ ಕೊಳ್ಳುವಾಗ ನಟ್ ಅಳತೆ 5×114.3 (114.3 ಮಿ.ಮೀ. ವೃತ್ತದಲ್ಲಿ ಐದು ನಟ್), ನಡುವಿನ ರಂಧ್ರ 60.1 ಮಿ.ಮೀ. ಎಂದು ಹೇಳಿ. ರಂಧ್ರ ದೊಡ್ಡದಿದ್ದರೆ ಹಬ್ ರಿಂಗ್ (ಚಕ್ರ ಕೂರುವ ಹಬ್‌ಗೂ ರಿಮ್ಮಿಗೂ ನಡುವಿನ ಸಂದು ತುಂಬುವ ಬಳೆ) ಹಾಕಲೇಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಗಾಳಿ ಒತ್ತಡದ ಸೆನ್ಸರ್ ಹೊಸ ರಿಮ್ಮಿಗೂ ಬೇಕು. ಇಲ್ಲವಾದರೆ ಚಳಿಗಾಲ ಪೂರ್ತಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತಿರುತ್ತದೆ, ನಿಜವಾಗಿ ಗಾಳಿ ಇಳಿದಾಗ ಗೊತ್ತಾಗುವುದಿಲ್ಲ.

ಹಾಕುವ ಮೊದಲು ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ. ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದ 103 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. 80ರಿಂದ 150 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಇದನ್ನು ಮರೆಯುವವರೇ ಹೆಚ್ಚು, ಚಕ್ರ ಸಡಿಲವಾಗುವುದೂ ಇಲ್ಲೇ. ಟೈರಿನಲ್ಲಿ ಬಾಣದ ಗುರುತಿದ್ದರೆ ಅದು ಮುಂದಕ್ಕೆ ತಿರುಗುವ ದಿಕ್ಕಿಗೇ ಇರಬೇಕು.

ಗಾಳಿ: ಉಷ್ಣತೆ 5.5 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯ ಗ್ಯಾರೇಜಿನಲ್ಲಿ 35 ತುಂಬಿಸಿದ್ದು ಮೈನಸ್ 20ರಲ್ಲಿ 28ಕ್ಕೆ ಬಂದಿರುತ್ತದೆ. ಹೊರಗೆ ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ನೋಡಿ, ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟು ತುಂಬಿಸಿ. ಹಿಮಕ್ಕೆ ಗಾಳಿ ಕಮ್ಮಿ ಇರಬೇಕು ಎಂಬ ಮಾತು ಕೇಳಬೇಡಿ, ಅದು ಮರಳಿಗೆ ಸರಿ.

ಬಟನ್ 4 ಮಿ.ಮೀ.ಗೆ ಬಂದರೆ ವಿಂಟರ್ ಟೈರ್ ಹಿಮಕ್ಕೆ ಮುಗಿದಂತೆ. ಕಾನೂನಿನ 1.6 ಮಿ.ಮೀ. ನೋಡುತ್ತಾ ಕೂರಬೇಡಿ.

ಡೆನ್ವರ್‌ನಿಂದ

ಹಾಗಂತ ಆಲ್ ವೀಲ್ ಡ್ರೈವ್ ಬೇಡವೇ ಬೇಡ ಅಂತಲ್ಲ. ಕಡಿದಾದ ಡ್ರೈವ್‌ವೇ, ಹಿಮ ತಳ್ಳುವ ಗಾಡಿ (ಪ್ಲೌ) ತಡವಾಗಿ ಬರುವ ಹಳ್ಳಿ ರಸ್ತೆ, ಬೆಟ್ಟದ ಕಡೆ ಓಡಾಟ ಇರುವವರಿಗೆ ಅದು ಬೇಕು. ಆದರೆ ಹೆಸರು ಒಂದೇ ಇದ್ದರೂ ಒಳಗಿನ ವ್ಯವಸ್ಥೆ ಬೇರೆ ಬೇರೆ.

ಬಹುಪಾಲು ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರವೇ ಎಳೆಯುತ್ತದೆ. ಹಿಂದಿನ ಆಕ್ಸಲ್ ಮುಂದೆ ಒಂದು ಕ್ಲಚ್ ಇರುತ್ತದೆ. ಬೇಕೆನಿಸಿದಾಗ ಕಂಪ್ಯೂಟರ್ ಅದನ್ನು ಒತ್ತಿ ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಆಳದ ಹಿಮದಲ್ಲಿ ಬಹಳ ಹೊತ್ತು ಚಕ್ರ ಸುತ್ತಿಸಿದರೆ ಆ ಕ್ಲಚ್ ಬಿಸಿಯಾಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಸುಬಾರುವಿನ ಆಟೋಮ್ಯಾಟಿಕ್‌ಗಳಲ್ಲಿ ನಾಲ್ಕು ಚಕ್ರಕ್ಕೂ ಸದಾ ಶಕ್ತಿ ಹೋಗುತ್ತಿರುತ್ತದೆ, ಹೊರಡುವಾಗಲೇ ಸಿದ್ಧ. ಆರ್‌ಎವಿ4 ಹೈಬ್ರಿಡ್‌ನಲ್ಲಿ ಹಿಂದಕ್ಕೆ ಶಾಫ್ಟೇ ಇಲ್ಲ, ಬೇರೆ ಚಿಕ್ಕ ಮೋಟರ್ ಇದೆ, ಊರೊಳಗೆ ಸಾಕು. ಪಿಕಪ್‌ಗಳ ಫೋರ್ ಹೈ (4H) ಎಂಬ ಸ್ಥಿತಿ ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಬಿಗಿಯಾಗಿ ಜೋಡಿಸುತ್ತದೆ. ಹಿಮದಲ್ಲಿ ಅದರಷ್ಟು ಗಟ್ಟಿ ಇನ್ನೊಂದಿಲ್ಲ, ಆದರೆ ಒಣ ಡಾಂಬರಿನ ಮೇಲೆ ಹಾಕಿ ತಿರುಗಿಸಿದರೆ ಗೇರ್‌ಗಳು ಕಚ್ಚಿಕೊಂಡು ಒಡೆಯಬಹುದು. ಹಿಮ ಇದ್ದೂ ಇಲ್ಲದಂಥ ರಸ್ತೆಗೆ ಫೋರ್ ಆಟೋ (ಬೇಕಾದಾಗ ಮಾತ್ರ ತಾನಾಗಿ ಜೋಡಿಸುವ ಸ್ಥಿತಿ) ಇರುವ ಗಾಡಿಯನ್ನೇ ನೋಡಿ.

ಎಳೆತದಷ್ಟೇ ಮುಖ್ಯ ಕಾರಿನ ಹೊಟ್ಟೆಯ ಎತ್ತರ. ಸೆಡಾನ್‌ಗೆ ಸುಮಾರು 14–15 ಸೆಂ.ಮೀ., ಸುಬಾರು ಫಾರೆಸ್ಟರ್‌ಗೆ 22. ಹೊಟ್ಟೆ ಹಿಮದ ಮೇಲೆ ಕೂತರೆ ನಾಲ್ಕು ಚಕ್ರ ತಿರುಗಿದರೂ ಪ್ರಯೋಜನವಿಲ್ಲ.

ಆಲ್ ವೀಲ್ ಡ್ರೈವ್‌ಗೆ ಒಂದು ಹೆಚ್ಚಿನ ಖರ್ಚೂ ಇದೆ. ಒಂದು ಟೈರ್ ಹರಿದರೆ ಹೊಸದಕ್ಕೂ ಉಳಿದವಕ್ಕೂ ಬಟನ್ ವ್ಯತ್ಯಾಸ ಸಾಮಾನ್ಯವಾಗಿ 1.6 ಮಿ.ಮೀ. ದಾಟಬಾರದು. ದಾಟಿದರೆ ಕ್ಲಚ್ ನಿಲ್ಲದೆ ಉಜ್ಜಿಕೊಂಡು ಸವೆಯುತ್ತದೆ. ಎಷ್ಟೋ ಸಲ ನಾಲ್ಕೂ ಬದಲಿಸಬೇಕಾಗುತ್ತದೆ.

ಟೊರಾಂಟೊದಿಂದ

ಎಲೆಕ್ಟ್ರಿಕ್ ಕಾರಿನವರಿಗೆ ಒಂದೇ ಮಾತು. ಆಕ್ಸಿಲರೇಟರ್ ಬಿಟ್ಟಾಗ ಮೋಟರೇ ಬ್ರೇಕ್ ಹಿಡಿಯುತ್ತದಲ್ಲ, ಐಸ್ ದಿನ ಅದನ್ನು ಕಡಿಮೆ ಮಟ್ಟಕ್ಕೆ ಇಡಿ. ಒಂದೇ ಆಕ್ಸಲ್‌ಗೆ ಮೋಟರ್ ಇರುವ ಕಾರಿನಲ್ಲಿ, ಅದರಲ್ಲೂ ಹಿಂದಿನ ಆಕ್ಸಲ್ ಆದರೆ, ತಿರುವಿನಲ್ಲಿ ಕಾಲು ತಟ್ಟನೆ ಎತ್ತಿದರೆ ಹಿಂಭಾಗ ಜಾರುತ್ತದೆ. ಕಾರು ಭಾರ ಇರುವುದರಿಂದ ಟೈರಿನ ಲೋಡ್ ಸಂಖ್ಯೆ (ಎಷ್ಟು ಭಾರ ಹೊರಬಲ್ಲದು ಎಂಬ ಸೂಚಿ) ಮೂಲ ಟೈರಿನದಕ್ಕಿಂತ ಕಡಿಮೆ ಇರಕೂಡದು.

ಬೆಂಗಳೂರಿನಿಂದ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಜನವರಿಯಲ್ಲಿ ಇಲ್ಲಿಂದ ಡೀಸೆಲ್ ಕಾರಿನಲ್ಲಿ ಹಿಮಾಚಲದ ಮನಾಲಿ, ಸಿಸ್ಸು ಕಡೆ ಹೋಗುವವರಿಗೆ ಏನು ಹೇಳುತ್ತೀರಿ? ವಿಂಟರ್ ಟೈರ್ ಇಲ್ಲಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಚಂಡೀಗಢದಿಂದ

ಅಲ್ಲಿಗೆ ಟೈರಿಗೆ ಸುತ್ತುವ ಸರಪಳಿ, ಅಂದರೆ ಚೈನೇ ಗತಿ. ನಿಮ್ಮ ಟೈರ್ ಅಳತೆಯ ಚೈನನ್ನು ಊರಿನಲ್ಲೇ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿ. ಮೈನಸ್ 10ರಲ್ಲಿ ಬೆರಳು ಮಾತು ಕೇಳುವುದಿಲ್ಲ. ಎಳೆಯುವ ಚಕ್ರಕ್ಕೆ ಹಾಕಬೇಕು: ಫ್ರಂಟ್ ವೀಲ್ ಡ್ರೈವ್ ಆದರೆ ಮುಂದಕ್ಕೆ. 100 ಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ವೇಗ 30–40 ಕಿ.ಮೀ. ದಾಟಬೇಡಿ. ಮನಾಲಿ, ಸಿಸ್ಸು ನಡುವಿನ ಅಟಲ್ ಸುರಂಗದ 9 ಕಿ.ಮೀ.ನಂತೆ ಹಿಮವಿಲ್ಲದ ರಸ್ತೆ ಬಂದರೆ ಬಿಚ್ಚಿ, ಇಲ್ಲದಿದ್ದರೆ ಚೈನ್ ತುಂಡಾಗಿ ಬ್ರೇಕ್ ಪೈಪಿಗೆ ಬಡಿಯುತ್ತದೆ.

ಬಯಲು ಪ್ರದೇಶದ ಡೀಸೆಲ್ ಆ ಚಳಿಗೆ ಮೇಣದಂತೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಟ್ಯಾಂಕ್ ಖಾಲಿಯಾಗುವಂತೆ ಲೆಕ್ಕ ಹಾಕಿ ಹೋಗಿ ಬೆಟ್ಟದ ಪ್ರದೇಶದಲ್ಲೇ ತುಂಬಿಸಿಕೊಳ್ಳಿ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33ರವರೆಗೆ ಹರಿಯುವ ಡೀಸೆಲ್ ತಂದಿದೆ. ರಾತ್ರಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಬೇಡಿ, ಹೆಪ್ಪುಗಟ್ಟಿ ಬಿಡಿಸಲಾಗುವುದಿಲ್ಲ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಕೇಳಿದವರು

215/55 ಆರ್ 17, ನಾಲ್ಕು ಸ್ಟೀಲ್ ರಿಮ್ ಜೊತೆ, ಆರ್ಡರ್ ಕೊಟ್ಟೆ. ಕೊನೆಯದಾಗಿ, ಹಿಮದಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು? ಟೈರ್ ಯಾವಾಗ ತೆಗೆಯಬೇಕು?

ಡುಲೂತ್‌ನಿಂದ

ಡಿಕ್ಕಿಯಲ್ಲಿ ಸಲಿಕೆ, 10 ಕೆ.ಜಿ. ಒಣ ಮರಳು, ಕಂಬಳಿ ಇರಲಿ. ಸಿಕ್ಕಿಕೊಂಡರೆ ಮೊದಲು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ. ಅದು ಮುಚ್ಚಿದ್ದಾಗ ಎಂಜಿನ್ ಓಡಿಸಿ ಒಳಗೆ ಕೂತರೆ ವಿಷಗಾಳಿಯಿಂದ ಪ್ರಾಣವೇ ಹೋಗುತ್ತದೆ. ಆಮೇಲೆ ಹೊಟ್ಟೆಯಡಿಯ ಹಿಮ ಅಗೆದು, ಮುಂದಿನ ಚಕ್ರಗಳ ಹಿಂದೂ ಮುಂದೂ ಮರಳು ಹಾಕಿ. ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿದಾಗ ಶಕ್ತಿ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ, ಸ್ಟೀರಿಂಗ್ ನೇರ ಇಟ್ಟು, ಡ್ರೈವ್‌ನಲ್ಲಿ ಒಂದಿಷ್ಟು, ಪೂರ್ತಿ ನಿಂತ ಮೇಲೆ ರಿವರ್ಸ್‌ನಲ್ಲಿ ಒಂದಿಷ್ಟು ಅಂತ ಮೆಲ್ಲಗೆ ತೂಗಿಸಿ. ಚಕ್ರ ಗಿರ್ರನೆ ಸುತ್ತಲು ಬಿಡಬೇಡಿ. ಅಡಿಯ ಹಿಮ ಕರಗಿ ಐಸ್ ಆಗುತ್ತದೆ.

ಬೆಳಗಿನ ಉಷ್ಣತೆ ವಾರವಿಡೀ 7 ಡಿಗ್ರಿಗಿಂತ ಮೇಲಿದ್ದರೆ ತೆಗೆಯಿರಿ, ಮಿನಿಯಾಪೊಲಿಸ್‌ನಲ್ಲಿ ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲರ್ಧ. ಬಿಸಿಲಿನಲ್ಲಿ ಓಡಿಸಿದರೆ ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ. ಯಾವ ಚಕ್ರ ಎಲ್ಲಿತ್ತು ಎಂದು ಚಾಕ್‌ಪೀಸಿನಲ್ಲಿ ಬರೆದು, ತೊಳೆದು ಒಣಗಿಸಿ, ರಿಮ್ ಸಮೇತ ಒಂದರ ಮೇಲೊಂದು ಮಲಗಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಮುಂದಿನ ನವೆಂಬರ್‌ನಲ್ಲಿ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ.